ನಿಜಾಮರ ನಾಡಿನಲ್ಲಿ ಪರರಾಜ್ಯದ ರೈಲು: ಮುನಿರಾಬಾದ್ ನಿಲ್ದಾಣದ ಚರಿತ್ರೆ

ಹೊಸಪೇಟೆಯಿಂದ ಗದಗಿನ ಕಡೆಗೆ ಹೊರಟ ರೈಲು ಕೆಲವೇ ನಿಮಿಷಗಳಲ್ಲಿ ತುಂಗಭದ್ರೆಯ ಸೇತುವೆಯನ್ನು ಏರುತ್ತದೆ. ಮಳೆಗಾಲವಾದರೆ ಕೆಳಗೆ ಕೆಂಪು ನೀರು, ಬೇಸಿಗೆಯಾದರೆ ಬರಿಯ ಬಂಡೆ. ಹೊಳೆ ದಾಟಿದೊಡನೆ ಸಿಗುವ ಮೊದಲ ನಿಲ್ದಾಣ ಮುನಿರಾಬಾದ್. ಹುಣ್ಣಿಮೆಯ ದಿನ ಇಲ್ಲಿ ಹುಲಿಗೆಮ್ಮನ ಭಕ್ತರು ತಂಡತಂಡವಾಗಿ ಇಳಿಯುತ್ತಾರೆ. ಉಳಿದ ದಿನಗಳಲ್ಲಿ ಹೆಚ್ಚಿನ ಗದ್ದಲವಿಲ್ಲ. ಇಂದು ಈ ಸೇತುವೆ ದಾಟುವ ಪ್ರಯಾಣಿಕನು ಬಿಡುವುದು ವಿಜಯನಗರ ಜಿಲ್ಲೆಯನ್ನು, ಸೇರುವುದು ಕೊಪ್ಪಳ ಜಿಲ್ಲೆಯನ್ನು. ಅವನಿಗೆ ಅದರ ಅರಿವೂ ಆಗುವುದಿಲ್ಲ. ಆದರೆ 1948ರವರೆಗೆ ಇದೇ ಸೇತುವೆಯ ನಡುವೆ ಎಲ್ಲಿಯೋ ಒಂದು ರಾಜ್ಯ ಮುಗಿದು ಇನ್ನೊಂದು ಆರಂಭವಾಗುತ್ತಿತ್ತು. ದಕ್ಷಿಣ ದಂಡೆ ಮದ್ರಾಸ್ ಪ್ರಾಂತ. ಉತ್ತರ ದಂಡೆ ಹೈದರಾಬಾದಿನ ನಿಜಾಮರ ಸಂಸ್ಥಾನ.

ಈ ಗಡಿ ರೈಲಿಗಿಂತ ಹಳೆಯದು. 1800ರಲ್ಲಿ ನಿಜಾಮರು ಬಳ್ಳಾರಿ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ‘ದತ್ತ ಮಂಡಲ’ಗಳೆಂದು ಮುಂದೆ ಹೆಸರಾದ ನಾಡು ಅದು. ಅಂದಿನಿಂದ ತುಂಗಭದ್ರೆಯು ಬರಿಯ ಹೊಳೆಯಾಗಿ ಉಳಿಯದೆ ಎರಡು ಆಡಳಿತಗಳ ಎಲ್ಲೆಯಾಯಿತು. ಪಶ್ಚಿಮದಲ್ಲಿ ಗದಗು, ಮುಂಡರಗಿ, ರೋಣದ ಕಡೆ ಧಾರವಾಡ ಜಿಲ್ಲೆ, ಎಂದರೆ ಮುಂಬಯಿ ಪ್ರಾಂತ. ಹೀಗೆ ಕೊಪ್ಪಳದ ಸೀಮೆ ಎರಡು ಬದಿಯಲ್ಲಿ ಬ್ರಿಟಿಷ್ ಆಡಳಿತದ ಎರಡು ಬೇರೆ ಪ್ರಾಂತಗಳಿಂದ ಸುತ್ತುವರಿದ ಸಂಸ್ಥಾನದ ಒಂದು ಮೂಲೆಯಾಗಿತ್ತು. 1858ರಲ್ಲಿ ಮುಂಡರಗಿ ಭೀಮರಾಯನು ಬಂಡೆದ್ದು ಹೊಕ್ಕದ್ದು ಈ ಎಲ್ಲೆಯನ್ನು ದಾಟಿ, ಕೊಪ್ಪಳದ ಕೋಟೆಗೆ. ಅಲ್ಲಿಯೇ ಅವನು ಮಡಿದ.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಮೂಲೆಯ ಬೆಲೆ ಬೇರೆಯೇ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಯೆಂದು ಹೆಸರಿಸುವ ನಾಲ್ಕು ಸ್ಥಳಗಳಲ್ಲಿ ಕೊಪಣ ಒಂದು, ಉಳಿದವು ಕಿಸುವೊಳಲ್, ಪುಲಿಗೆರೆ ಮತ್ತು ಒಕ್ಕುಂದ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗಕ್ಕೆ ಬಂದರೆ ಕಿಸುವೊಳಲ್ ಎಂಬ ಪಟ್ಟದಕಲ್ಲು ಮುಂಬಯಿ ಪ್ರಾಂತದಲ್ಲಿತ್ತು. ಒಕ್ಕುಂದ ಅದೇ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿತ್ತು. ಪುಲಿಗೆರೆ ಎಂಬ ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಕೊಪಣವಾದರೋ ಹೈದರಾಬಾದಿನ ಪಾಲು. ಕನ್ನಡದ ತಿರುಳೆಂದು ಒಂಬತ್ತನೆಯ ಶತಮಾನದ ಗ್ರಂಥವೊಂದು ಗುರುತಿಸಿದ ನಾಡು, ಸಾವಿರ ವರ್ಷ ಕಳೆಯುವಷ್ಟರಲ್ಲಿ ಮೂರು ಆಡಳಿತಗಳಿಗೆ ಹಂಚಿಹೋಗಿತ್ತು. ಈ ಹಂಚಿಕೆಯ ನಡುವೆ ಒಂದು ಕಬ್ಬಿಣದ ಹಾದಿ ಹಾದುಬಂದುದರಿಂದ ಏನಾಯಿತು ಎಂಬುದನ್ನು ಮುನಿರಾಬಾದಿನಂತಹ ಚಿಕ್ಕ ನಿಲ್ದಾಣದಲ್ಲಿ ನಿಂತು ನೋಡುವುದು ಸುಲಭ.

ರೈಲು ಬಂದದ್ದು ಬರಗಾಲದ ಬೆನ್ನಿಗೆ. 1876ರಿಂದ 1878ರವರೆಗಿನ ಮಹಾಕ್ಷಾಮ ಬಳ್ಳಾರಿ, ಧಾರವಾಡ, ವಿಜಾಪುರ, ರಾಯಚೂರು ಸೀಮೆಗಳನ್ನು ಬರಿದು ಮಾಡಿತು. ಜನ ಸತ್ತದ್ದು ಬೆಳೆ ಹೋದದ್ದರಿಂದ ಮಾತ್ರವಲ್ಲ, ಬೇರೆ ಕಡೆ ಇದ್ದ ಕಾಳು ಸಕಾಲದಲ್ಲಿ ಹಳ್ಳಿಗಳನ್ನು ಮುಟ್ಟದ್ದರಿಂದಲೂ ಹೌದು. ಕಾಳು ಹೊತ್ತು ತರಬೇಕಾದ ಎತ್ತುಗಳೇ ಮೇವಿಲ್ಲದೆ ಹಾದಿಯಲ್ಲಿ ಬಿದ್ದರೆ ಬಂಡಿ ಸಾಗುವುದು ಹೇಗೆ? 1880ರ ಕ್ಷಾಮ ಆಯೋಗವು ಕ್ಷಾಮಪೀಡಿತ ಪ್ರದೇಶಗಳಿಗೆ ರೈಲುಮಾರ್ಗಗಳನ್ನು ಹಾಕಬೇಕೆಂದು ಸೂಚಿಸಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪಿತವಾಯಿತು. 1884ರಲ್ಲಿ ಹೋಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೂಲಕ ಗದಗಿಗೆ ಮೀಟರ್ ಗೇಜ್ ಹಾದಿ ತೆರೆಯಿತು. ಆ ದಶಕದಲ್ಲಿಯೇ ಪೂರ್ವದಲ್ಲಿ ಗುಂತಕಲ್ಲು, ಬಳ್ಳಾರಿ, ಹೊಸಪೇಟೆಗಳನ್ನೂ ಪಶ್ಚಿಮದಲ್ಲಿ ಗದಗು, ಹುಬ್ಬಳ್ಳಿಗಳನ್ನೂ ಪೋಣಿಸುವ ಹಾದಿ ಸಿದ್ಧವಾಯಿತು. ಹುಬ್ಬಳ್ಳಿಯಿಂದ ಮುಂದೆ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಗೋವೆಯ ಮರ್ಮಗೋವಾ ಬಂದರಿಗೆ ಸಂಪರ್ಕ ಏರ್ಪಟ್ಟಿತು.

ಹೊಸಪೇಟೆಯಿಂದ ಗದಗಿಗೆ ಸುಮಾರು 85 ಕಿಲೋಮೀಟರು. ಈ ಹಾದಿಯ ಬಹುಪಾಲು ನಿಜಾಮರ ನೆಲದಲ್ಲಿದೆ: ಮುನಿರಾಬಾದ್, ಗಿಣಿಗೇರಿ, ಕೊಪ್ಪಳ, ಭಾನಾಪುರ, ಬನ್ನಿಕೊಪ್ಪ. ಆದರೆ ಹಾದಿ ಹಾಕಿದವರ ಲೆಕ್ಕದಲ್ಲಿ ಇವು ಗುರಿಯಾಗಿರಲಿಲ್ಲ. ಅವರಿಗೆ ಬೇಕಾಗಿದ್ದುದು ಬಳ್ಳಾರಿಯನ್ನು ಧಾರವಾಡಕ್ಕೆ, ಕರಿನೆಲದ ಹತ್ತಿಯನ್ನು ಬಂದರಿಗೆ ಜೋಡಿಸುವುದು. ನಡುವೆ ಅಡ್ಡ ಬಂದ ಸಂಸ್ಥಾನವನ್ನು ರೈಲು ದಾಟಿತು, ಅಷ್ಟೆ. ಯಲಬುರ್ಗಿ ಹಾದಿಯ ಉತ್ತರಕ್ಕೆ ಉಳಿಯಿತು. ಕುಷ್ಟಗಿ ಅದಕ್ಕಿಂತಲೂ ದೂರ ಉಳಿಯಿತು. ಗಂಗಾವತಿ ಪೂರ್ವಕ್ಕೆ ಸರಿಯಿತು. ಮೂರೂ ತಾಲೂಕು ಕಸಬೆಗಳು, ಮೂರಕ್ಕೂ ರೈಲಿಲ್ಲ. ರೈಲು ದೊರೆತದ್ದು ಹಾದಿಯಲ್ಲಿ ಸಿಕ್ಕ ಹಳ್ಳಿಗಳಿಗೆ.

ಹೈದರಾಬಾದಿಗೆ ತನ್ನದೇ ರೈಲು ಇರಲಿಲ್ಲವೆಂದಲ್ಲ. ವಾಡಿಯಿಂದ ಸಿಕಂದರಾಬಾದಿನ ಹಾದಿ 1874ರಲ್ಲಿಯೇ ತೆರೆದಿತ್ತು. 1889ರ ಹೊತ್ತಿಗೆ ಅದು ಬೆಜವಾಡದವರೆಗೆ ಮುಂದುವರಿದಿತ್ತು. ಸಂಸ್ಥಾನದ ರೈಲು ಪೂರ್ವಕ್ಕೆ ಹೋಯಿತು, ಅನಂತರ ವಾಯವ್ಯಕ್ಕೆ ಮನಮಾಡದ ಕಡೆಗೆ ಹೋಯಿತು. ಕೃಷ್ಣಾ ತುಂಗಭದ್ರೆಗಳ ನಡುವಿನ ದೋಆಬಿನ ಪಶ್ಚಿಮ ಭಾಗಕ್ಕೆ ಮಾತ್ರ ಬರಲಿಲ್ಲ. ಇದರ ಫಲ ವಿಚಿತ್ರವಾದುದು. ಹೈದರಾಬಾದಿನ ಅಧಿಕಾರಿಯೊಬ್ಬನು ತನ್ನ ಸರ್ಕಾರದ್ದೇ ಆದ ಕೊಪ್ಪಳಕ್ಕೆ ರೈಲಿನಲ್ಲಿ ಬರಬೇಕಾದರೆ ವಾಡಿ, ರಾಯಚೂರುಗಳ ಮೂಲಕ ತುಂಗಭದ್ರೆಯನ್ನು ದಾಟಿ ಮದ್ರಾಸ್ ಪ್ರಾಂತಕ್ಕೆ ಹೋಗಬೇಕು. ಗುಂತಕಲ್ಲಿನಲ್ಲಿ ಬ್ರಾಡ್‌ಗೇಜಿನಿಂದ ಇಳಿದು ಮೀಟರ್ ಗೇಜಿನ ಗಾಡಿ ಹತ್ತಬೇಕು. ಬಳ್ಳಾರಿ, ಹೊಸಪೇಟೆಗಳನ್ನು ಹಾದು ಮುನಿರಾಬಾದಿನ ಸೇತುವೆಯ ಮೇಲೆ ಅದೇ ಹೊಳೆಯನ್ನು ಎರಡನೆಯ ಸಲ ದಾಟಿ ತನ್ನ ಸಂಸ್ಥಾನಕ್ಕೆ ಮರಳಬೇಕು. ಇನ್ನೊಂದು ಹಾದಿ ಹೋಟಗಿ, ವಿಜಾಪುರ, ಗದಗುಗಳ ಮೂಲಕ. ಅದೂ ಮುಂಬಯಿ ಪ್ರಾಂತವನ್ನು ಸುತ್ತಿಯೇ ಬರಬೇಕು. ರಾಜಧಾನಿಗೆ ತನ್ನ ಸೀಮೆಯನ್ನು ಮುಟ್ಟಲು ಪರರಾಜ್ಯದ ಹೊಸ್ತಿಲು ತುಳಿಯದೆ ರೈಲುದಾರಿ ಇರಲಿಲ್ಲ. ಕೊಪ್ಪಳದ ರೈತನಿಗೋ ವ್ಯಾಪಾರಿಗೋ ಗದಗು ಅರ್ಧ ದಿನದ ಮಾತು. ಹತ್ತಿ ಗದಗಿನ ಪೇಟೆಗೆ ಹೋಗುತ್ತಿತ್ತು. ಪುಸ್ತಕ, ಪತ್ರಿಕೆ, ನಾಟಕ ಕಂಪನಿಗಳು ಆ ದಿಕ್ಕಿನಿಂದ ಬರುತ್ತಿದ್ದವು. ಆಳುವ ಊರು ಒಂದು ದಿಕ್ಕಿನಲ್ಲಿ, ಬದುಕು ನಡೆಸುವ ಊರು ಇನ್ನೊಂದು ದಿಕ್ಕಿನಲ್ಲಿ.

ಮುನಿರಾಬಾದ್ ಎಂಬ ಹೆಸರಿನಲ್ಲಿಯೇ ಈ ಇಬ್ಬಗೆ ಅಡಗಿದೆ. ‘ಆಬಾದ್’ ಎಂಬುದು ಪಾರಸಿಯಲ್ಲಿ ನೆಲೆಗೊಂಡ ಊರು. ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಹೈದರಾಬಾದಿಗೆ ಹಲವು ದಿವಾನರನ್ನು ಕೊಟ್ಟ ಆ ಮನೆತನದಲ್ಲಿ ‘ಮುನೀರ್ ಉಲ್ ಮುಲ್ಕ್’ ಎಂಬ ಬಿರುದು ಒಂದಕ್ಕಿಂತ ಹೆಚ್ಚು ಸಲ ಕಾಣಿಸಿಕೊಳ್ಳುತ್ತದೆ. ಬಿರುದಿಗೂ ಊರಿನ ಹೆಸರಿಗೂ ನಂಟನ್ನು ಊಹಿಸುವುದು ಸಹಜವೇ. ಆದರೆ ಪಕ್ಕದಲ್ಲಿಯೇ ಹಳೆಯ ಹುಲಿಗಿ ಇದೆ, ಹುಲಿಗೆಮ್ಮನ ಗುಡಿ ಇದೆ. ರೈಲು ನಿಂತದ್ದು ಅಧಿಕಾರದ ಹೆಸರಿನಲ್ಲಿ. ಜನ ಇಳಿದದ್ದು ದೇವತೆಯ ಹೆಸರಿನಲ್ಲಿ. ಇಂದಿಗೂ ಈ ಸೀಮೆಯ ಹಳ್ಳಿಗರು ‘ಹುಲಿಗಿಗೆ ಹೋಗಿ ಬರುತ್ತೇವೆ’ ಎನ್ನುತ್ತಾರೆಯೇ ಹೊರತು ಟಿಕೀಟಿನ ಮೇಲಿರುವ ಹೆಸರನ್ನು ಹೇಳುವುದು ಕಡಿಮೆ. (ಈ ಜಹಗೀರುಗಳ ಹುಟ್ಟುವಳಿಯನ್ನು ಉಂಡು ಬೆಳೆದ ಮನೆತನದ ಕೊನೆಯ ಕುಡಿ ಮೂರನೆಯ ಸಾಲಾರ್ ಜಂಗ್. ಅವನು ಕೂಡಿಸಿದ ಕಲಾವಸ್ತುಗಳೇ ಹೈದರಾಬಾದಿನ ಹೆಸರಾಂತ ವಸ್ತುಸಂಗ್ರಹಾಲಯವಾದವು. ಅಲ್ಲಿಯ ಗಡಿಯಾರದ ಮುಂದೆ ನಿಂತು ಬೆರಗಾಗುವವರಿಗೆ ಕೊಪ್ಪಳದ ಎರೆಹೊಲಗಳ ನೆನಪು ಬರುವುದಿಲ್ಲ.)

ರೈಲಿನಿಂದಲೇ ಹುಟ್ಟಿದ ಊರುಗಳಿಗೆ ಜಗತ್ತಿನ ಬೇರೆ ಕಡೆ ಒಂದು ಬಗೆಯ ಚರಿತ್ರೆಯಿದೆ. ಆಸ್ಟ್ರೇಲಿಯಾದ ಗೋದಿಯ ಬಯಲುಗಳಲ್ಲಿ ರೈಲುಹಳಿ ಮುಂದೆ ಹೋದಂತೆ ಅದರ ಬದಿಗೆ ಒಂದು ಸೈಡಿಂಗು, ಕಾಳಿನ ಉಗ್ರಾಣ, ಶಾಲೆ, ಸಭಾಮಂದಿರ ಎದ್ದು ಊರಾಗುತ್ತಿತ್ತು. ಹಾದಿ ಮುಚ್ಚಿದರೆ ಊರೂ ಕರಗುತ್ತಿತ್ತು. ಅಲ್ಲಿಯ ಮೂಲನಿವಾಸಿಗಳ ನೆಲೆಯನ್ನು ಅಳಿಸಿ ಬರೆದ ನಕಾಶೆ ಅದು. ತುಂಗಭದ್ರೆಯ ದಂಡೆಯಲ್ಲಿ ಬರೆಯಲು ಖಾಲಿ ಹಾಳೆ ಇರಲಿಲ್ಲ. ಹುಲಿಗಿ, ಹಿಟ್ನಾಳ, ಗಿಣಿಗೇರಿಗಳು ರೈಲಿಗಿಂತ ಹಳೆಯವು. ಇಲ್ಲಿ ನಿಲ್ದಾಣವು ಹಳೆಯ ಊರಿನ ಪಕ್ಕದಲ್ಲಿ ಬೇರೊಂದು ಊರಾಗಿ ಕುಳಿತಿತು. ಆ ಊರಿಗೆ ಬೇರೆಯೇ ಕಾಯಿದೆಯೂ ಇತ್ತು. ಸಂಸ್ಥಾನಗಳ ಮೂಲಕ ಹಾದುಹೋಗುವ ಮುಖ್ಯ ರೈಲುಹಾದಿಗಳ ನೆಲದ ಮೇಲಿನ ನ್ಯಾಯಾಧಿಕಾರವನ್ನು ಬ್ರಿಟಿಷ್ ಸರ್ಕಾರ ತನ್ನ ಕೈಗೆ ಪಡೆಯುವುದು ಆ ಕಾಲದ ರೂಢಿ. ಹಳಿಯ ಆಚೀಚೆಯ ಕೆಲವು ಗಜಗಳಲ್ಲಿ ಒಂದು ಕಾನೂನು, ಬೇಲಿ ದಾಟಿದರೆ ನಿಜಾಮರ ಕಾನೂನು. ನಾಣ್ಯವೂ ಎರಡು: ಸಂಸ್ಥಾನದ ಹಾಲಿ ಸಿಕ್ಕಾ, ಬ್ರಿಟಿಷ್ ಇಂಡಿಯಾದ ಕಲ್ದಾರ್. ಬೆಲೆಯಲ್ಲಿ ಕಲ್ದಾರ್ ಮೇಲು. ಸಂಸ್ಥಾನದ ಗಡಿ ದಾಟುವ ಸರಕಿಗೆ ‘ಕರೋಡಗಿರಿ’ ಎಂಬ ಸುಂಕ ಬೇರೆ ಇತ್ತು. ಒಂದೇ ಭಾಷೆ ಆಡುವ, ಹೆಣ್ಣು ಕೊಟ್ಟು ತರುವ ಹಳ್ಳಿಗಳ ನಡುವೆ ಹತ್ತಿಯ ಅಂಡಿಗೆಯೊಂದು ಪರದೇಶದ ಮಾಲಾಗುತ್ತಿತ್ತು.

ಈ ಹಾದಿ ವಿದ್ವತ್ತಿಗೂ ಒದಗಿತು. 1931ರಲ್ಲಿ ಕೊಪ್ಪಳದ ಎನ್. ಬಿ. ಶಾಸ್ತ್ರಿಗಳು ಗವಿಮಠ ಮತ್ತು ಪಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು; ಮರುವರ್ಷವೇ ಅವು ಹೈದರಾಬಾದ್ ಪುರಾತತ್ತ್ವ ಇಲಾಖೆಯ ಗ್ರಂಥಮಾಲೆಯಲ್ಲಿ ಆರ್. ಎಲ್. ಟರ್ನರ್ ಅವರ ಸಂಪಾದನೆಯಲ್ಲಿ ಹೊರಬಂದವು. 1935ರಲ್ಲಿ ಸಿ. ಆರ್. ಕೃಷ್ಣಮಾಚಾರ್ಲು ಅವರು ಕೊಪ್ಪಳದ ಕನ್ನಡ ಶಾಸನಗಳನ್ನು ಅದೇ ಮಾಲೆಯಲ್ಲಿ ಪ್ರಕಟಿಸಿದರು. ಶ್ರವಣಬೆಳಗೊಳದ ಶಾಸನಗಳು ಮಹಾತೀರ್ಥವೆಂದು ಸ್ಮರಿಸುವ ಕೊಪಣ ಯಾವುದು ಎಂಬ ಚರ್ಚೆಗೆ ಈ ಶಾಸನಗಳು ಗಟ್ಟಿಯಾದ ನೆಲೆಯನ್ನು ಕೊಟ್ಟವು. ಉರ್ದು ಆಡಳಿತಭಾಷೆಯಾಗಿದ್ದ ಸಂಸ್ಥಾನವೊಂದರ ಇಲಾಖೆ ತಿರುಳ್ಗನ್ನಡ ನಾಡಿನ ಕಲ್ಲುಗಳನ್ನು ಓದಿಸಿ ಅಚ್ಚುಹಾಕಿಸಿದ ಈ ಸಂಗತಿಯನ್ನು, ನಿಜಾಮ ಕರ್ನಾಟಕದ ಕತ್ತಲೆಯನ್ನು ಮಾತ್ರ ವರ್ಣಿಸುವವರು ಮರೆಯುವುದುಂಟು.

ಮುನಿರಾಬಾದನ್ನು ನಿಲ್ದಾಣದಿಂದ ಊರಾಗಿ ಬೆಳೆಸಿದ್ದು ಅಣೆಕಟ್ಟು. ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳ ನಡುವೆ ದಶಕಗಳ ಕಾಲ ಎಳೆದಾಡಿದ ತುಂಗಭದ್ರಾ ಯೋಜನೆಗೆ 1944ರಲ್ಲಿ ಒಪ್ಪಂದ ಕುದುರಿತು. 1945ರ ಫೆಬ್ರವರಿ 28ರಂದು ಒಂದೇ ಅಣೆಕಟ್ಟಿಗೆ ಎರಡು ಶಂಕುಸ್ಥಾಪನೆಗಳಾದವು. ಎಡದಂಡೆಯಲ್ಲಿ ಹೈದರಾಬಾದಿನ ಯುವರಾಜ, ಬೆರಾರಿನ ರಾಜಕುಮಾರನೆಂದು ಕರೆಸಿಕೊಳ್ಳುತ್ತಿದ್ದ ಆಜಮ್ ಜಾ. ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಅರ್ಧ ಅಣೆಕಟ್ಟನ್ನು ಒಂದು ಸರ್ಕಾರ, ಉಳಿದರ್ಧವನ್ನು ಇನ್ನೊಂದು ಸರ್ಕಾರ ಕಟ್ಟಿ ನಡುಹೊಳೆಯಲ್ಲಿ ಕೂಡಬೇಕು. ಹೈದರಾಬಾದಿನ ಕಡೆಯ ಕೆಲಸಕ್ಕೆ ಮುನಿರಾಬಾದೇ ನೆಲೆ. ಸಿಮೆಂಟಿನ ಬದಲು ಬಹುಮಟ್ಟಿಗೆ ಸುಣ್ಣ ಸುರ್ಕಿಯ ಗಾರೆಯಲ್ಲಿ ಕಟ್ಟಿದ ಕಲ್ಲಿನ ಅಣೆ ಇದು. ಕಲ್ಲು ಇಲ್ಲಿಯ ಗುಡ್ಡಗಳಲ್ಲಿಯೇ ಸಿಕ್ಕರೂ ಯಂತ್ರ, ಕಬ್ಬಿಣ, ಕಾಳು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಆಳುಗಳು, ದೂರದಿಂದ ಬರಬೇಕಿತ್ತು. ಹೈದರಾಬಾದ್ ತನ್ನ ಅತಿ ದೊಡ್ಡ ನೀರಾವರಿ ಕೆಲಸವನ್ನು ನಡೆಸಿದ್ದು ತನ್ನದಲ್ಲದ ಹಳಿಯ ಮೇಲೆ ಬಂದು ನಿಂತು.

ಕೆಲಸ ನಡೆದಿರುವಾಗಲೇ ಕಾಲ ಬದಲಾಯಿತು. 1947ರ ಆಗಸ್ಟಿನಲ್ಲಿ ಹೊಸಪೇಟೆ ಸ್ವತಂತ್ರ ಭಾರತದ ಊರಾಯಿತು. ಎದುರು ದಂಡೆಯ ಮುನಿರಾಬಾದ್ ಆಗಲಿಲ್ಲ. ಮುಂದಿನ ಹದಿಮೂರು ತಿಂಗಳು ಈ ರೈಲು ಓಡಿದ ಬಗೆಯನ್ನು ಊಹಿಸಿಕೊಳ್ಳಬೇಕು: ಭಾರತದಲ್ಲಿ ಹತ್ತಿ, ವಿಲೀನವಾಗಲು ಒಲ್ಲದ ಸಂಸ್ಥಾನವೊಂದನ್ನು ಹಾದು, ಮತ್ತೆ ಭಾರತದಲ್ಲಿ ಇಳಿಯುವ ಪ್ರಯಾಣ. 1948ರ ಮೇ ತಿಂಗಳಿನಲ್ಲಿ ಗುಲಬರ್ಗಾ ಜಿಲ್ಲೆಯ ಗಾಣಗಾಪುರ ನಿಲ್ದಾಣದಲ್ಲಿ ಮದ್ರಾಸ್–ಮುಂಬಯಿ ಮೇಲಿನ ಮೇಲೆ ರಜಾಕಾರರ ದಾಳಿ ನಡೆದ ಮೇಲೆ ಸಂಸ್ಥಾನದೊಳಗಿನ ರೈಲುಪ್ರಯಾಣವೇ ಭಯದ ಮಾತಾಯಿತು. ಕೊಪ್ಪಳ, ಯಲಬುರ್ಗಿ, ಕುಷ್ಟಗಿ ಸೀಮೆಯ ಕುಟುಂಬಗಳು ಗಡಿ ದಾಟಿ ಗದಗು, ಮುಂಡರಗಿ, ಗಜೇಂದ್ರಗಡಗಳ ಕಡೆಗೆ ಬಂದವು. ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿ ಸ್ವಾಮಿಗಳ ಮುಂದಾಳ್ತನದಲ್ಲಿ ಶಿಬಿರ ನಡೆಯಿತು. ಅಲ್ಲಿಂದ ಹೊರಟ ಯುವಕರು ಕೊಪ್ಪಳ ಸೀಮೆಯ ಹಳ್ಳಿಗಳಲ್ಲಿ ನಿಜಾಮರ ಆಡಳಿತವನ್ನು ಕಿತ್ತುಹಾಕಿದರು. ತೊಂಬತ್ತು ವರ್ಷಗಳ ಹಿಂದೆ ಭೀಮರಾಯನು ಮುಂಡರಗಿಯಿಂದ ಕೊಪ್ಪಳಕ್ಕೆ ದಾಟಿದ ಅದೇ ಎಲ್ಲೆ ಈಗ ಎರಡು ದಿಕ್ಕಿನಲ್ಲಿಯೂ ತುಳಿಸಿಕೊಂಡಿತು. ಆ ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆಯಲ್ಲಿ ಹೊಸಪೇಟೆಯ ಕಡೆಯಿಂದ ಮುಂದೆ ಸಾಗಿದ ಮೈಸೂರು ಪದಾತಿ ದಳವು ಸಕ್ಕರೆ ಕಾರ್ಖಾನೆಯೊಂದನ್ನು ರಜಾಕಾರರು ಮತ್ತು ಪಠಾಣರ ಕೈಯಿಂದ ವಶಪಡಿಸಿಕೊಂಡಿತು. ಸೆಪ್ಟೆಂಬರ್ 17ರಂದು ನಿಜಾಮರ ಸೈನ್ಯ ಶರಣಾಯಿತು. ಮರುವರ್ಷ ಜಹಗೀರುಗಳು ರದ್ದಾದವು.

1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಸುಮಾರು 90 ಹಳ್ಳಿಗಳು ಮುಳುಗಿದವು. ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆಮಾರು ಕಳೆದುಕೊಂಡರು. ಅಣೆಕಟ್ಟಿನ ಎಡಬದಿಯಿಂದ ಹೊರಟ ಕಾಲುವೆ ಮುನಿರಾಬಾದಿನಿಂದ ಗಂಗಾವತಿ, ಸಿಂಧನೂರು, ಮಾನ್ವಿಗಳ ಕಡೆಗೆ 220 ಕಿಲೋಮೀಟರಿಗೂ ಹೆಚ್ಚು ದೂರ ಹರಿದು ರಾಯಚೂರು ಸೀಮೆಯನ್ನು ಮುಟ್ಟಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಗಂಗಾವತಿಯ ನೆಲ ಗದ್ದೆಯಾಯಿತು. ಕರಾವಳಿ ಆಂಧ್ರದಿಂದ ರೈತರು ಬಂದು ನೆಲಸಿದರು. ಅವರ ಊರುಗಳಿಗೆ ‘ಕ್ಯಾಂಪು’ ಎಂಬ ಹೆಸರು ನಿಂತಿತು. ಗಂಗಾವತಿ ಅಕ್ಕಿಯ ಗಿರಣಿಗಳ ಊರಾಯಿತು, ಅದರ ಸೋನಾ ಮಸೂರಿ ನಾಡೆಲ್ಲ ಹೆಸರಾಯಿತು. ಕಾಲುವೆಗೆ ಯಾವಾಗ ನೀರು ಬಿಡಬೇಕೆಂಬ ನೀರಾವರಿ ಸಲಹಾ ಸಮಿತಿಯ ಸಭೆಗಳ ಸುದ್ದಿಯಲ್ಲಿ ಇಂದಿಗೂ ಮುನಿರಾಬಾದಿನ ಹೆಸರು ಕೇಳುತ್ತದೆ. ಎರಡು ಬೆಳೆಗೆ ನೀರು ಸಿಗುವುದೋ ಒಂದಕ್ಕೋ ಎಂಬ ಆತಂಕದಲ್ಲಿ ಕೊನೆಭಾಗದ ರೈತರು ಆ ಹೆಸರನ್ನು ಕಿವಿಗೊಟ್ಟು ಕೇಳುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ನಾಲ್ಕು ಜಿಲ್ಲೆಗಳ ನಿದ್ದೆ ಕೆಟ್ಟಿತು.

ಇಷ್ಟಾದರೂ ಅಕ್ಕಿ ಸಾಗಿದ್ದು ಲಾರಿಯಲ್ಲಿ. ನೀರು 1953ರಲ್ಲಿ ಬಂದ ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ನಡುವಿನ 66 ವರ್ಷಗಳಲ್ಲಿ ರೈಲಿನ ಒಡೆತನ ಮಾತ್ರ ಹಲವು ಸಲ ಬದಲಾಯಿತು. 1908ರಲ್ಲಿಯೇ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಗಿದ್ದುದು 1951ರಲ್ಲಿ ದಕ್ಷಿಣ ರೈಲ್ವೆಯಾಯಿತು, ಅನಂತರ ದಕ್ಷಿಣ ಮಧ್ಯ ರೈಲ್ವೆಗೆ ಸೇರಿತು, 2003ರಲ್ಲಿ ಹುಬ್ಬಳ್ಳಿ ಕೇಂದ್ರದ ನೈಋತ್ಯ ರೈಲ್ವೆಯ ಪಾಲಾಯಿತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಹಾದಿ ಅದೇ ಹಾದಿ; ಊರುಗಳೂ ಅವೇ.

1956ರ ಏಕೀಕರಣವು ಹೊಳೆಯ ಎರಡೂ ದಂಡೆಗಳನ್ನು ಒಂದು ರಾಜ್ಯಕ್ಕೆ ಸೇರಿಸಿತು. ಆದರೆ ರೈಲಿನ ವಕ್ರತೆಯನ್ನು ಅದು ತಿದ್ದಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ನಾಲ್ಕೂ ರಾಯಚೂರು ಜಿಲ್ಲೆಯ ತಾಲೂಕುಗಳಾಗಿ ಉಳಿದವು. ಕೊಪ್ಪಳದವನು ತನ್ನ ಜಿಲ್ಲಾಕೇಂದ್ರಕ್ಕೆ ರೈಲಿನಲ್ಲಿ ಹೋಗಬೇಕೆಂದರೆ ಮುನಿರಾಬಾದಿನ ಸೇತುವೆ ದಾಟಿ ಹೊಸಪೇಟೆ, ಬಳ್ಳಾರಿ, ಅಲ್ಲಿಂದ ಆಂಧ್ರದ ಗುಂತಕಲ್ಲು, ಆದವಾನಿಗಳನ್ನು ಸುತ್ತಿ ಮತ್ತೆ ತುಂಗಭದ್ರೆ ದಾಟಿ ರಾಯಚೂರನ್ನು ಸೇರಬೇಕು. ನಿಜಾಮರ ಅಧಿಕಾರಿ ಪಟ್ಟ ಪಾಡನ್ನೇ ಪ್ರಜಾಪ್ರಭುತ್ವದ ನಾಗರಿಕನೂ ಪಟ್ಟ. ಅವನು ಬಸ್ಸು ಹತ್ತಿದ. ಜಮೀನಿನ ಕಾಗದಕ್ಕೋ ಕೋರ್ಟಿನ ವಾಯಿದೆಗೋ ಹೋಗುವ ರೈತನಿಗೆ ಹೋಗಿಬರಲು ಎರಡು ದಿನ. 1997ರಲ್ಲಿ ಕೊಪ್ಪಳ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಈ ಸ್ಥಿತಿ ಮುಂದುವರಿಯಿತು. ಕಬ್ಬಿಣದ ಹಾದಿಯೊಂದು ಬಳಸಿ ಹೋದ ಸೀಮೆ ಎಷ್ಟು ಕಾಲ ಹಿಂದುಳಿದೀತು ಎಂಬುದಕ್ಕೆ ಹಿಂದುಳಿದಿರುವಿಕೆಯ ವರದಿಗಳಲ್ಲಿ ಅಂಕಿಗಳನ್ನು ಹುಡುಕುವವರು, ಒಮ್ಮೆ ರೈಲಿನ ನಕಾಶೆಯನ್ನು ಬಿಡಿಸಿ ನೋಡಬಹುದು.

ಅದೇ 1997ರ ಆಸುಪಾಸಿನಲ್ಲಿ ಹೊಸ ಹಾದಿಯೊಂದಕ್ಕೆ ಮಂಜೂರಾತಿ ದೊರೆಯಿತು. ಅದರ ಹೆಸರು ‘ಮುನಿರಾಬಾದ್–ಮಹಬೂಬ್‌ನಗರ’. ಉದ್ದ ಸುಮಾರು 245 ಕಿಲೋಮೀಟರು. ಹೆಸರಿನ ಎರಡೂ ತುದಿಗಳನ್ನು ಗಮನಿಸಬೇಕು. ಒಂದು ತುದಿಯಲ್ಲಿ ದಿವಾನರ ಮನೆತನವನ್ನು ನೆನಪಿಸುವ ಊರು. ಇನ್ನೊಂದು ತುದಿಯಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರು ಹೊತ್ತ ಊರು. ಹೈದರಾಬಾದ್ ಸಂಸ್ಥಾನವು ತನ್ನ ನೈಋತ್ಯದ ಮೂಲೆಯನ್ನು ರಾಜಧಾನಿಗೆ ಜೋಡಿಸಲು ಹಾಕಬೇಕಾಗಿದ್ದ, ಆದರೆ ಹಾಕದೇ ಹೋದ ಹಾದಿ ಇದೇ. ಕೊಪ್ಪಳಕ್ಕೆ ಹೈದರಾಬಾದ್ ರಾಜಧಾನಿಯಾಗಿ ಉಳಿಯದೆ ಸುಮಾರು ನಲವತ್ತು ವರ್ಷವಾದ ಮೇಲೆ ಅದಕ್ಕೆ ಮಂಜೂರಾತಿ ಬಂತು.

ಇನ್ನೊಂದು ವಿಪರ್ಯಾಸವೂ ಇದೆ. ಹಾದಿ ಹೊರಟದ್ದು ಮುನಿರಾಬಾದಿನಿಂದಲ್ಲ, ಮುಂದಿನ ನಿಲ್ದಾಣವಾದ ಗಿಣಿಗೇರಿಯಿಂದ. ಸುತ್ತಲೂ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು ಎದ್ದ ಗಿಣಿಗೇರಿ ಜಂಕ್ಷನ್ ಆಯಿತು. ಮುನಿರಾಬಾದಿಗೆ ಉಳಿದದ್ದು ಕಾಗದದ ಮೇಲಿನ ಹೆಸರು. ಭಾನಾಪುರದ ಪಕ್ಕದಲ್ಲಿ ಆಟಿಕೆಗಳ ತಯಾರಿಕೆಗಾಗಿ ಕೈಗಾರಿಕಾ ನೆಲೆ ಬಂತು. ಅದಕ್ಕೂ ಆಚೆ ತಳಕಲ್ಲು, ಗದಗ–ವಾಡಿ ಹೊಸ ಹಾದಿಯ ಕವಲಾಯಿತು. ಒಂದು ಕಾಲದಲ್ಲಿ ಗಡಿಯ ಹೊಸ್ತಿಲಾಗಿದ್ದ ನಿಲ್ದಾಣ ಎರಡು ಕವಲುಗಳ ನಡುವೆಯೂ ಇಲ್ಲದೆ ಒಂದು ಬದಿಗೆ ಸರಿದಿದೆ. ಕಾಲುವೆಯ ಕಚೇರಿಗಳು, ಹಳೆಯ ಯೋಜನಾ ಕಾಲೋನಿಯ ಮನೆಗಳು, ಹುಲಿಗಿಯ ಜಾತ್ರೆ ಅದಕ್ಕೆ ಸಾಕು ಎನ್ನುವಂತೆ.

ಹೊಸ ಹಾದಿಗಳು ಬಲು ನಿಧಾನವಾಗಿ ಮುಂದುವರಿದವು. ಗಿಣಿಗೇರಿಯಿಂದ ಚಿಕ್ಕಬೆಣಕಲ್ಲಿಗೆ ಬರಲು ಇಪ್ಪತ್ತು ವರ್ಷ ಬೇಕಾಯಿತು. 2019ರಲ್ಲಿ ಗಂಗಾವತಿ, ಅನಂತರ ಕಾರಟಗಿ, 2024ರಲ್ಲಿ ಸಿಂಧನೂರು. ಇನ್ನೊಂದು ಕವಲಿನಲ್ಲಿ ಕುಕನೂರು, ಯಲಬುರ್ಗಿಗಳನ್ನು ಹಾದು 2025ರ ಮೇ ತಿಂಗಳಿನಲ್ಲಿ ಕುಷ್ಟಗಿಗೆ ಮೊದಲ ರೈಲು ಬಂತು. ಊರಿಗೆ ಊರೇ ನಿಲ್ದಾಣಕ್ಕೆ ಬಂದು ನಿಂತಿತ್ತು. ಬರಗಾಲದ ಭಯದಿಂದ ಗದಗಿನವರೆಗೆ ಹಳಿ ಹಾಕಿ ಸುಮಾರು 140 ವರ್ಷಗಳಾದ ಮೇಲೆ ಬಂದ ಆ ಗಾಡಿ ಹೊರಟದ್ದು ಹುಬ್ಬಳ್ಳಿಯ ಕಡೆಗೆ. ಸಿಂಧನೂರಿನಿಂದ ರಾಯಚೂರಿನವರೆಗಿನ ಹಳಿ ಇನ್ನೂ ಕೂಡಬೇಕಾಗಿದೆ. ಅದು ಕೂಡುವವರೆಗೆ ಕೊಪ್ಪಳದಿಂದ ಹೈದರಾಬಾದಿಗೆ ರೈಲಿನಲ್ಲಿ ಹೋಗುವವರು ಮುನಿರಾಬಾದಿನಲ್ಲಿ ಹೊಳೆ ದಾಟಿ, ಗುಂತಕಲ್ಲಿನ ಹಾದಿಯನ್ನೇ ಹಿಡಿಯುತ್ತಾರೆ.